ಗಾಳಿಯಿಂದ ಗೊಬ್ಬರ, ಗಾಳಿಗೆ ವಿಷ

ಜನವರಿ ಬಂತೆಂದರೆ ನನ್ನ ಮೇಜಿನ ಮೇಲೆ ಒಂದು ಡಿಕ್ಲರೇಷನ್ ಫಾರ್ಮ್ ಬಂದು ಕೂರುತ್ತದೆ. ನವಿ ಮುಂಬೈನ ಕೈಗಾರಿಕಾ ಪ್ರದೇಶದಲ್ಲಿರುವ ಒಂದು ಕೆಮಿಕಲ್ ಕಂಪನಿಯಲ್ಲಿ ನನಗೆ ಕೆಲಸ. ಹಿಂದಿನ ವರ್ಷ ಯಾವ ರಾಸಾಯನಿಕವನ್ನು ಎಷ್ಟು ಟನ್ ತಯಾರಿಸಿದೆವು, ಎಷ್ಟು ನಾವೇ ಬಳಸಿದೆವು, ಯಾವ ದೇಶಕ್ಕೆ ಎಷ್ಟು ಕಳಿಸಿದೆವು ಎಂಬ ಲೆಕ್ಕವನ್ನು ದೆಹಲಿಗೆ ಒಪ್ಪಿಸಬೇಕು. ಎಲ್ಲ ಕಂಪನಿಗಳ ಲೆಕ್ಕ ಸೇರಿಸಿ ದೆಹಲಿಯವರು ಅದನ್ನು ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದಲ್ಲಿರುವ ರಾಸಾಯನಿಕ ಅಸ್ತ್ರ ನಿಷೇಧ ಸಂಸ್ಥೆಗೆ ಕಳಿಸುತ್ತಾರೆ.

ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಇದು ಬೇಸರದ ಕೆಲಸ. ನಾವು ಮಾಡುವುದು ಬಣ್ಣಕ್ಕೆ, ಶಾಂಪೂವಿಗೆ, ಪೆನ್ನಿನ ಇಂಕಿಗೆ ಬೇಕಾದ ಸಾಮಾನು. ಇದಕ್ಕೂ ಅಸ್ತ್ರಕ್ಕೂ ಏನು ಸಂಬಂಧ ಎಂದು ಅವರು ಕೇಳುತ್ತಾರೆ. ಮೊದಮೊದಲು ನಾನು ನಿಯಮಾವಳಿಯ ಪುಸ್ತಕ ಕೈಗೆ ಕೊಡುತ್ತಿದ್ದೆ. ಯಾರೂ ಓದುತ್ತಿರಲಿಲ್ಲ. ಈಗ ಒಂದು ಮಧ್ಯಾಹ್ನ ಅವರನ್ನು ಕ್ಯಾಂಟೀನಿನಲ್ಲಿ ಕೂರಿಸಿಕೊಂಡು, ಚಹಾ ತರಿಸಿ, ಫ್ರಿಟ್ಜ್ ಹೇಬರ್ ಎಂಬ ಮನುಷ್ಯನ ಕಥೆ ಹೇಳುತ್ತೇನೆ. ಪಿಯುಸಿಯಲ್ಲಿ ಹೇಬರ್ ವಿಧಾನ ಎಂದು ಎಲ್ಲರೂ ಓದಿರುತ್ತೀರಿ. ಪರೀಕ್ಷೆಗೆ ಐದು ಅಂಕದ ಪ್ರಶ್ನೆ. ಆ ಹೆಸರಿನ ಹಿಂದಿದ್ದವನ ಬಗ್ಗೆ ನನಗೂ ಬಹಳ ವರ್ಷ ಏನೂ ಗೊತ್ತಿರಲಿಲ್ಲ.

ಅದಕ್ಕೂ ಮೊದಲು ನನ್ನ ಊರಿನ ಒಂದು ಮಾತು. ನಮ್ಮದು ಹಾವೇರಿ ಜಿಲ್ಲೆ. ಅಪ್ಪನದು ನಾಲ್ಕು ಎಕರೆ ಹೊಲ, ಹತ್ತಿ ಮತ್ತು ಗೋವಿನಜೋಳ. 2008ರ ಜೂನ್‌ನಲ್ಲಿ ಮಳೆ ಬಿದ್ದು ಬಿತ್ತನೆಯ ಹದ ಬಂದಾಗ ಜಿಲ್ಲೆಯಲ್ಲಿ ಗೊಬ್ಬರ ಸಿಗಲಿಲ್ಲ. ಹಾವೇರಿಯಲ್ಲಿ ರೈತರ ಮೇಲೆ ಗೋಲಿಬಾರ್ ಆಯಿತು, ಜೀವ ಹೋದವು. ಆ ದಿನ ಡೊಂಬಿವಲಿಯ ಮನೆಯಲ್ಲಿ ಟಿವಿ ಮುಂದೆ ಕೂತು ಅಪ್ಪನಿಗೆ ಮತ್ತೆ ಮತ್ತೆ ಫೋನ್ ಮಾಡಿದ್ದೆ. ಅವರೂ ಆ ವಾರ ಪಾಸ್‌ಬುಕ್ ಹಿಡಿದು ಸಾಲಿನಲ್ಲಿ ನಿಂತಿದ್ದವರೇ. ಸಂಜೆ ಅಪ್ಪ ಮನೆಗೆ ಬಂದು ಫೋನ್ ಎತ್ತಿದ ಮೇಲೇ ನನಗೆ ಅನ್ನ ಇಳಿದದ್ದು. ಒಂದು ಚೀಲ ಗೊಬ್ಬರಕ್ಕೆ ಮನುಷ್ಯ ಜೀವ ಕೊಡುವ ಜಗತ್ತನ್ನು ಅರ್ಥ ಮಾಡಿಕೊಳ್ಳಬೇಕಾದರೆ ಹೇಬರ್‌ನಿಂದಲೇ ಶುರು ಮಾಡಬೇಕು.

ಹೇಬರ್ ಹುಟ್ಟಿದ್ದು 1868ರ ಡಿಸೆಂಬರ್ 9ರಂದು, ಪ್ರಷ್ಯಾದ ಬ್ರೆಸ್ಲೌ ನಗರದಲ್ಲಿ. ಈಗ ಅದು ಪೋಲೆಂಡಿನ ವ್ರೊಟ್ಸ್‌ವಾಫ್. ಯಹೂದಿ ಮನೆತನ. ಹೆರಿಗೆಯಾದ ಮೂರು ವಾರಕ್ಕೆ ತಾಯಿ ತೀರಿಕೊಂಡಳು. ತಂದೆಯದು ಬಣ್ಣ ಮತ್ತು ಔಷಧಿಯ ವ್ಯಾಪಾರ. ಮಗ ಅಂಗಡಿಯಲ್ಲಿ ಕೂರಲಿ ಎಂದು ತಂದೆಗೆ ಆಸೆ, ಮಗನಿಗೆ ಓದಿನ ಹುಚ್ಚು. ಬರ್ಲಿನ್, ಹೈಡೆಲ್‌ಬರ್ಗ್ ಎಂದು ಓಡಾಡಿ 1891ರಲ್ಲಿ ಡಾಕ್ಟರೇಟ್ ಪಡೆದ. ಮರುವರ್ಷ ಕ್ರೈಸ್ತ ಮತಕ್ಕೆ ಸೇರಿದ. ಆ ಕಾಲದ ಜರ್ಮನಿಯಲ್ಲಿ ಯಹೂದಿಯಾಗಿ ಉಳಿದವನಿಗೆ ಪ್ರೊಫೆಸರ್ ಹುದ್ದೆಯ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ. ತಾನು ಮೊದಲು ಜರ್ಮನ್, ಉಳಿದದ್ದೆಲ್ಲ ಆಮೇಲೆ ಎಂಬುದು ಅವನ ಜೀವನದ ನಂಬಿಕೆ. ಪರ ಊರಿಗೆ ಹೋಗಿ ಅಲ್ಲಿಯವರಿಗಿಂತ ಹೆಚ್ಚು ಅಲ್ಲಿಯವರಾಗಲು ಹೆಣಗುವವರನ್ನು ನಾವೆಲ್ಲ ನೋಡಿದ್ದೇವೆ. ಹೇಬರ್ ತನ್ನ ಸ್ವಂತ ದೇಶದಲ್ಲೇ ಹಾಗೆ ಹೆಣಗಿದ.

1894ರಿಂದ ಕಾರ್ಲ್‌ಸ್ರೂಹೆಯಲ್ಲಿ ಕೆಲಸ. 1901ರಲ್ಲಿ ಕ್ಲಾರಾ ಇಮ್ಮರ್‌ವಾರ್ ಜೊತೆ ಮದುವೆ. ಆಕೆಯೂ ರಸಾಯನಶಾಸ್ತ್ರಜ್ಞೆ. ಬ್ರೆಸ್ಲೌ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಮೊದಲ ಹೆಣ್ಣುಮಗಳು. ಮದುವೆಯಾದ ಮರುವರ್ಷ ಹೆರ್ಮನ್ ಹುಟ್ಟಿದ. ಗಂಡನ ಹೆಸರು ಬೆಳೆಯುತ್ತ ಹೋಯಿತು, ಕ್ಲಾರಾ ಮನೆಯೊಳಗೆ ಉಳಿದಳು.

ಆಗ ಯುರೋಪಿನ ದೊಡ್ಡ ಚಿಂತೆ ಸಾರಜನಕದ್ದು. ಗಾಳಿಯಲ್ಲಿ ಶೇಕಡ 78ರಷ್ಟು ಸಾರಜನಕವೇ ಇದ್ದರೂ ಗಿಡ ಅದನ್ನು ನೇರವಾಗಿ ಹೀರಲಾರದು. ದಕ್ಷಿಣ ಅಮೆರಿಕದ ಚಿಲಿಯಿಂದ ಹಡಗಿನಲ್ಲಿ ಬರುತ್ತಿದ್ದ ಉಪ್ಪಿನಂಥ ನೈಟ್ರೇಟೇ ಹೊಲಕ್ಕೆ ಆಧಾರ. ಅದು ಮುಗಿದರೆ ಜನ ಏನು ತಿನ್ನಬೇಕು ಎಂದು ವಿಜ್ಞಾನಿಗಳು ಲೆಕ್ಕ ಹಾಕುತ್ತಿದ್ದರು. ಹೇಬರ್ ಸಾರಜನಕ ಮತ್ತು ಜಲಜನಕವನ್ನು ಸೇರಿಸಿ, ವಾತಾವರಣದ ಸುಮಾರು 200 ಪಟ್ಟು ಒತ್ತಡ ಕೊಟ್ಟು, 500 ಡಿಗ್ರಿಗೂ ಮೇಲೆ ಕಾಯಿಸಿ, ಆಸ್ಮಿಯಂ ಲೋಹವನ್ನು ವೇಗವರ್ಧಕವಾಗಿ ಬಳಸಿ ಅಮೋನಿಯಾ ಹನಿಸಿದ. ಅಷ್ಟು ಒತ್ತಡ ತಾಳುವ ಉಪಕರಣವನ್ನು ಕಟ್ಟುವಲ್ಲಿ ರಾಬರ್ಟ್ ಲೆ ರೊಸಿನ್ಯೋಲ್ ಎಂಬ ಸಹಾಯಕನ ಕೈಚಳಕ ದೊಡ್ಡದು. 1909ರ ಜುಲೈನಲ್ಲಿ ಬಿಎಎಸ್‌ಎಫ್ ಕಂಪನಿಯವರ ಎದುರು ತೋರಿಸಿದಾಗ ಗಂಟೆಗೆ 125 ಮಿಲಿಲೀಟರ್ ಇಳಿಯಿತು, ಒಂದು ಸಣ್ಣ ಲೋಟದಷ್ಟು. ಆ ಲೋಟವನ್ನು ಕಾರ್ಖಾನೆಯಾಗಿಸಿದವನು ಕಾರ್ಲ್ ಬಾಷ್. 1913ರಲ್ಲಿ ಓಪ್ಪೌ ಎಂಬಲ್ಲಿ ಉತ್ಪಾದನೆ ಶುರುವಾಯಿತು. ಇಂದು ಜಗತ್ತಿನ ಹತ್ತಿರ ಹತ್ತಿರ ಅರ್ಧದಷ್ಟು ಜನ ಈ ಅಮೋನಿಯಾದಿಂದ ಬಂದ ಗೊಬ್ಬರದ ಬೆಳೆಯಿಂದಲೇ ಬದುಕಿದ್ದಾರೆ ಎಂದು ಅಂದಾಜು. ಪಣಂಬೂರಿನ ಗೊಬ್ಬರ ಕಾರ್ಖಾನೆಯೂ, ನಮ್ಮ ಪಕ್ಕದ ಚೆಂಬೂರಿನದೂ, ಅಪ್ಪ ಸಾಲಿನಲ್ಲಿ ನಿಂತು ತಂದ ಚೀಲವೂ ಆ ಲೋಟದ ಸಂತಾನವೇ.

ಕಥೆ ಇಲ್ಲಿಗೇ ನಿಂತಿದ್ದರೆ ಹೇಬರ್‌ನ ಫೋಟೊ ರೈತರ ಮನೆಗಳಲ್ಲಿ ಇರಬೇಕಿತ್ತು.

1911ರಲ್ಲಿ ಬರ್ಲಿನ್ನಿನ ಡಾಲೆಮ್‌ನಲ್ಲಿ ಚಕ್ರವರ್ತಿಯ ಹೆಸರಿನ ಹೊಸ ಸಂಶೋಧನಾ ಸಂಸ್ಥೆಗೆ ಅವನನ್ನು ನಿರ್ದೇಶಕನಾಗಿ ಕರೆದರು. 1914ರಲ್ಲಿ ಮಹಾಯುದ್ಧ. ಬ್ರಿಟಿಷರ ನೌಕಾಪಡೆ ಸಮುದ್ರದ ದಾರಿ ಮುಚ್ಚಿದ್ದರಿಂದ ಚಿಲಿಯ ನೈಟ್ರೇಟ್ ನಿಂತಿತು. ಆಗ ಜರ್ಮನಿಯ ಸಿಡಿಮದ್ದಿಗೆ ಕಚ್ಚಾಮಾಲು ಸಿಕ್ಕಿದ್ದು ಅದೇ ಅಮೋನಿಯಾದಿಂದ. ಗೊಬ್ಬರಕ್ಕೂ ಮದ್ದುಗುಂಡಿಗೂ ಒಂದೇ ಪೈಪು. ಹೇಬರ್‌ಗೆ ಅಷ್ಟು ಸಾಲಲಿಲ್ಲ. ಕಂದಕದಲ್ಲಿ ಅಡಗಿ ಕೂತ ಶತ್ರುವನ್ನು ಹೊರಗೆಳೆಯಲು ವಿಷಾನಿಲ ಬಳಸೋಣ ಎಂದು ಮುಂದೆ ಬಂದ.

ಅದಕ್ಕೆ ಒಂದು ತಡೆ ಇತ್ತು. 1899ರಲ್ಲಿ ಹೇಗ್‌ನಲ್ಲಿ ಸೇರಿದ ದೇಶಗಳು, ಉಸಿರುಗಟ್ಟಿಸುವ ಅನಿಲವನ್ನು ಹರಡುವುದಕ್ಕೆಂದೇ ಮಾಡಿದ ಗುಂಡುಗಳನ್ನು ಹಾರಿಸುವುದಿಲ್ಲ ಎಂದು ಒಪ್ಪಿದ್ದವು. ಜರ್ಮನಿಯೂ ಒಪ್ಪಿತ್ತು. ಆದರೆ ಒಪ್ಪಂದ ಹೇಳಿದ್ದು ಗುಂಡಿನ ಬಗ್ಗೆ. ಸಿಲಿಂಡರ್ ಇಟ್ಟು, ಮುಚ್ಚಳ ತಿರುಗಿಸಿ, ಗಾಳಿಗೆ ಬಿಟ್ಟರೆ ಅದು ಗುಂಡಲ್ಲವಲ್ಲ. ಕಾಗದದ ಪ್ರಕಾರ ಎಲ್ಲ ಸರಿ. ನನ್ನ ಕಥೆ ಕೇಳುವ ಹುಡುಗರಿಗೆ ನಾನು ಇಲ್ಲಿ ಒಂದು ನಿಮಿಷ ನಿಲ್ಲಿಸುತ್ತೇನೆ, ಏಕೆಂದರೆ ನಮ್ಮ ಕೆಲಸದ ಅರ್ಧ ಪಾಠ ಇಲ್ಲಿದೆ.

ಬೆಲ್ಜಿಯಂನ ಈಪ್ರ್ ಊರಿನ ಬಳಿ ಆರು ಕಿಲೋಮೀಟರಿನಷ್ಟು ಉದ್ದಕ್ಕೆ 5,700ಕ್ಕೂ ಹೆಚ್ಚು ಕ್ಲೋರಿನ್ ಸಿಲಿಂಡರ್‌ಗಳನ್ನು ನೆಲದಲ್ಲಿ ಹೂಳಿದರು. ಹೇಬರ್ ತಾನೇ ಅಲ್ಲಿಗೆ ಹೋಗಿ ನಿಂತು ಕೆಲಸ ಮಾಡಿಸಿದ. ಗಾಳಿ ಸರಿಯಾದ ದಿಕ್ಕಿಗೆ ಬೀಸಲಿ ಎಂದು ಕಾದರು. 1915ರ ಏಪ್ರಿಲ್ 22ರ ಸಂಜೆ ಗಾಳಿ ತಿರುಗಿತು. 150 ಟನ್ನಿನಷ್ಟು ಕ್ಲೋರಿನ್ ಹಳದಿ ಹಸಿರು ಮೋಡವಾಗಿ ತೆವಳಿತು. ಕ್ಲೋರಿನ್ ಗಾಳಿಗಿಂತ ಭಾರ, ಹಾಗಾಗಿ ಕಂದಕಗಳಿಗೆ ನೀರಿನಂತೆ ಇಳಿಯಿತು. ಎದುರಿಗಿದ್ದವರು ಫ್ರಾನ್ಸಿನ ಪಡೆಗಳು, ಅವರಲ್ಲಿ ಅಲ್ಜೀರಿಯಾದಿಂದ ಕರೆತಂದ ಸೈನಿಕರೂ ಇದ್ದರು. ಶ್ವಾಸಕೋಶ ಸುಟ್ಟು, ತಮ್ಮದೇ ಎದೆಯ ನೀರಿನಲ್ಲಿ ಮುಳುಗಿದಂತೆ ಸತ್ತರು.

ನಾಲ್ಕು ದಿನದ ನಂತರ, ಏಪ್ರಿಲ್ 26ರಂದು, ಅದೇ ಈಪ್ರ್‌ಗೆ ನಮ್ಮ ಲಾಹೋರ್ ಡಿವಿಷನ್ ಬಂತು. ದಾಳಿಗೆ ಎದ್ದವರ ಮೇಲೆ ಮತ್ತೆ ಅನಿಲ ಬಂತು. ಅಂದು ಗಾಯಾಳುಗಳನ್ನು ಎಳೆದು ತಂದು ಉಳಿಸಿದ ಜಮಾದಾರ್ ಮೀರ್ ದಸ್ತ್‌ಗೆ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಪದಕ ಬಂತು, ಆದರೆ ಅನಿಲ ಕುಡಿದ ದೇಹ ಮತ್ತೆ ಮೊದಲಿನಂತಾಗಲಿಲ್ಲ. ಭಾರತದ ಹಳ್ಳಿಗಳಿಂದ ಹೋದ ಈ ಸೈನಿಕರನ್ನು ನಾವು ಯಾವ ಪಠ್ಯದಲ್ಲೂ ಓದಲಿಲ್ಲ.

ಹೇಬರ್‌ಗೆ ಕ್ಯಾಪ್ಟನ್ ಪದವಿ ಸಿಕ್ಕಿತು. ಮನೆಗೆ ಬಂದ. ಮೇ 2ರ ಬೆಳಗಿನ ಜಾವ ಕ್ಲಾರಾ ಗಂಡನ ಪಿಸ್ತೂಲು ತೆಗೆದುಕೊಂಡು ತೋಟಕ್ಕೆ ಹೋಗಿ ತನಗೇ ಗುಂಡು ಹೊಡೆದುಕೊಂಡಳು. ಶಬ್ದ ಕೇಳಿ ಮೊದಲು ಓಡಿಬಂದವನು 12 ವರ್ಷದ ಹೆರ್ಮನ್. ಗಂಡನ ಅನಿಲದ ಕೆಲಸವೇ ಕಾರಣವೇ, ಬಹಳ ದಿನದಿಂದ ಒಡೆದಿದ್ದ ಸಂಸಾರವೇ ಎಂದು ಇತಿಹಾಸಕಾರರು ಇವತ್ತಿಗೂ ವಾದಿಸುತ್ತಾರೆ. ಒಂದಂತೂ ಖರೆ. ಹೇಬರ್ ಮಗನನ್ನು ಬಿಟ್ಟು, ಮುಂದಿನ ದಾಳಿಯ ಸಿದ್ಧತೆಗೆಂದು ಪೂರ್ವದ ರಣರಂಗಕ್ಕೆ ಹೊರಟುಹೋದ.

ಅನಿಲದಿಂದ ಯುದ್ಧ ಬೇಗ ಮುಗಿಯುತ್ತದೆ, ಬೇಗ ಮುಗಿದರೆ ಜೀವ ಉಳಿಯುತ್ತದೆ ಎಂಬುದು ಹೇಬರ್‌ನ ವಾದ. ಹಿಂಜರಿದ ಒಟ್ಟೊ ಹಾನ್‌ನನ್ನು ಇದೇ ಮಾತಿನಿಂದ ಒಪ್ಪಿಸಿದ. ಹಾನ್, ಜೇಮ್ಸ್ ಫ್ರಾಂಕ್, ಗುಸ್ತಾವ್ ಹರ್ಟ್ಸ್, ಮುಂದೆ ನೊಬೆಲ್ ಪಡೆದ ಮೂವರೂ ಅವನ ಅನಿಲ ದಳದಲ್ಲಿದ್ದರು. ಯುದ್ಧ ಬೇಗ ಮುಗಿಯಲಿಲ್ಲ. ಐದು ತಿಂಗಳಲ್ಲಿ ಬ್ರಿಟಿಷರೂ ಕ್ಲೋರಿನ್ ಬಿಟ್ಟರು. ಆಮೇಲೆ ಫಾಸ್ಜೀನ್, 1917ರಲ್ಲಿ ಸಾಸಿವೆ ಅನಿಲ. ಯುದ್ಧ ಮುಗಿಯುವಷ್ಟರಲ್ಲಿ ಅನಿಲದಿಂದ ಸತ್ತವರು ಸುಮಾರು 90,000, ಗಾಯಗೊಂಡವರು ಹತ್ತು ಲಕ್ಷಕ್ಕೂ ಹೆಚ್ಚು ಎಂದು ಅಂದಾಜು. ಒಬ್ಬರ ಕೈಯಲ್ಲಿದ್ದ ಅಸ್ತ್ರ ಎಲ್ಲರ ಕೈಗೂ ಬರಲು ಒಂದು ವರ್ಷವೂ ಬೇಕಾಗಲಿಲ್ಲ.

ಜರ್ಮನಿ ಸೋತಿತು. ಯುದ್ಧಾಪರಾಧಿ ಎಂದು ಹಿಡಿದಾರೆಂಬ ಹೆದರಿಕೆಯಲ್ಲಿ ಹೇಬರ್ ಕೆಲಕಾಲ ಸ್ವಿಟ್ಜರ್‌ಲೆಂಡಿನಲ್ಲಿ ಅಡಗಿದ್ದ. ಅದೇ ಹೊತ್ತಿನಲ್ಲಿ, 1919ರ ನವೆಂಬರ್‌ನಲ್ಲಿ, ಅಮೋನಿಯಾಕ್ಕಾಗಿ 1918ನೇ ಸಾಲಿನ ನೊಬೆಲ್ ಘೋಷಣೆಯಾಯಿತು. ಹಲವು ದೇಶಗಳ ವಿಜ್ಞಾನಿಗಳು ಪ್ರತಿಭಟಿಸಿದರು. ದೇಶದ ಯುದ್ಧದಂಡ ತೀರಿಸಲು ಸಮುದ್ರದ ನೀರಿನಿಂದ ಚಿನ್ನ ತೆಗೆಯುತ್ತೇನೆಂದು ಅವನು ವರ್ಷಗಟ್ಟಲೆ ಒದ್ದಾಡಿದ. ನೀರಿನಲ್ಲಿ ಲೆಕ್ಕ ಹಾಕಿದಷ್ಟು ಚಿನ್ನವೇ ಇರಲಿಲ್ಲ.

ಅವನ ಜೀವನದಲ್ಲಿ ನನ್ನನ್ನು ಹೆಚ್ಚು ಕಾಡುವುದು ಈಪ್ರ್ ಅಲ್ಲ, ಇದರ ನಂತರದ ಭಾಗ. ಯುದ್ಧದಲ್ಲಿ ಮನುಷ್ಯ ಹುಚ್ಚನಾಗುತ್ತಾನೆ ಎಂದು ಹೇಳಿ ಈಪ್ರ್ ಅನ್ನು ದಾಟಿಬಿಡಬಹುದು. ಆದರೆ ಶಾಂತಿ ಬಂದ ಮೇಲೆ, ವರ್ಸೇಲ್ಸ್ ಒಪ್ಪಂದ ಜರ್ಮನಿಗೆ ವಿಷಾನಿಲ ಮಾಡುವಂತಿಲ್ಲ ಎಂದ ಮೇಲೆ, ಹೇಬರ್ ತೆರೆಯ ಹಿಂದೆ ನಿಂತು ಕೆಲಸ ಮುಂದುವರಿಸಿದ. ಸ್ಪೇನ್ ಕೇಳಿದಾಗ ತನ್ನ ಹಳೆಯ ಸಹಾಯಕ ಹ್ಯೂಗೊ ಸ್ಟೋಲ್ಟ್ಸೆನ್‌ಬರ್ಗ್‌ನ ಹೆಸರು ಸೂಚಿಸಿದ. ಆತ ಸ್ಪೇನಿನಲ್ಲಿ ಕಾರ್ಖಾನೆ ಹಾಕಿಕೊಟ್ಟ. ಮೊರಾಕೊದ ರಿಫ್ ಬೆಟ್ಟಗಳ ಜನರ ಮೇಲೆ ವಿಮಾನದಿಂದ ಸಾಸಿವೆ ಅನಿಲ ಬಿತ್ತು. ಸೋವಿಯತ್ ಒಕ್ಕೂಟದ ಕಾರ್ಖಾನೆಯ ಗುತ್ತಿಗೆಯೂ ಆತನಿಗೇ ಹೋಯಿತು. 1928ರ ಮೇ ತಿಂಗಳಲ್ಲಿ ಹ್ಯಾಂಬರ್ಗ್‌ನಲ್ಲಿದ್ದ ಆತನ ಫಾಸ್ಜೀನ್ ಟ್ಯಾಂಕ್ ಒಡೆದು, ಸುಮಾರು ಹತ್ತು ಜನ ಸತ್ತರು. ಹೇಬರ್ ಎಲ್ಲಿಯೂ ಸಿಲಿಂಡರ್ ಮುಟ್ಟಲಿಲ್ಲ. ಒಂದು ಪರಿಚಯ, ಒಂದು ಶಿಫಾರಸು, ಅಷ್ಟೆ. ಅಸ್ತ್ರ ಹರಡುವುದು ಹೆಚ್ಚಾಗಿ ಹೀಗೇ.

ಇಲ್ಲಿ ನನ್ನದೂ ಒಂದು ಮಾತು ಹೇಳಬೇಕು. ಹುಡುಗರ ಮುಂದೆ ಹೇಳುವುದಿಲ್ಲ, ನಿಮ್ಮ ಮುಂದೆ ಹೇಳುತ್ತಿದ್ದೇನೆ. ಈಗಿನ ಕಂಪನಿಗೆ ಬರುವ ಮೊದಲು, ಸುಮಾರು ಹದಿನೆಂಟು ವರ್ಷದ ಹಿಂದೆ, ನಾನು ಬೇರೊಂದು ಕಡೆ ಇದ್ದೆ. ರಫ್ತಿನ ಒಂದು ಆರ್ಡರ್ ಬಂತು. ವಿದೇಶದ ಒಬ್ಬ ಮಧ್ಯವರ್ತಿ, ಇಂಕ್ ತಯಾರಿಸುವ ಸಣ್ಣ ಘಟಕವೊಂದರ ಹೆಸರಿನಲ್ಲಿ ಡ್ರಮ್‌ಗಳನ್ನು ಕೇಳಿದ್ದ. ಎಂಡ್ ಯೂಸ್ ಸರ್ಟಿಫಿಕೇಟ್ ಇತ್ತು, ಸೀಲ್ ಇತ್ತು, ಸಹಿ ಇತ್ತು. ಅಷ್ಟು ಸಣ್ಣ ಘಟಕಕ್ಕೆ ಇಷ್ಟೊಂದು ಮಾಲು ಏತಕ್ಕೆ ಎಂದು ಮನಸ್ಸಿಗೆ ಬಂತು. ಮಾರ್ಚ್ ತಿಂಗಳ ಕೊನೆ. ಸೇಲ್ಸ್‌ನವರು ಮೇಜಿನ ಮುಂದೆ ನಿಂತಿದ್ದರು. ಮಗಳು ಹುಟ್ಟಿ ಎರಡು ತಿಂಗಳಾಗಿತ್ತು, ಕೆಲಸ ಕಾಯಂ ಆಗಬೇಕಿತ್ತು. ಕೇಳಲಿಲ್ಲ. ಕಾಗದ ಸರಿಯಾಗಿದೆ ಎಂದು ಸಹಿ ಮಾಡಿದೆ.

ಕೆಟ್ಟದ್ದೇನೂ ಆದ ಸುದ್ದಿ ಬರಲಿಲ್ಲ. ಬಹುಶಃ ಅದು ಇಂಕ್ ಆಗಿಯೇ ಮುಗಿದಿರಬೇಕು. ಆದರೆ ಆ ಡ್ರಮ್‌ಗಳು ಎಲ್ಲಿ ಹೋದವೆಂದು ನನಗೆ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಆ ಸಹಿ ಆದ ಮೇಲೆಯೇ ನಾನು ಹುಡುಕಿ ಓದಿದ್ದು ಒಬ್ಬ ಡಚ್ ವ್ಯಾಪಾರಿಯ ಕಥೆ. ಥಯೊಡೈಗ್ಲೈಕಾಲ್ ಎಂಬುದು ಬಟ್ಟೆಯ ಬಣ್ಣಕ್ಕೆ, ಪೆನ್ನಿನ ಇಂಕಿಗೆ ಬಳಸುವ ವಸ್ತು, ಸಾಸಿವೆ ಅನಿಲಕ್ಕೂ ಅದೇ ಮೂಲ. ಆ ವ್ಯಾಪಾರಿ 1980ರ ದಶಕದಲ್ಲಿ ಅದನ್ನು ನೂರಾರು ಟನ್ ಲೆಕ್ಕದಲ್ಲಿ ಸದ್ದಾಂ ಹುಸೇನನ ಇರಾಕ್‌ಗೆ ಮಾರಿದ. ಇರಾಕ್ ಅನಿಲವನ್ನು ಇರಾನಿನ ಸೈನಿಕರ ಮೇಲೆ, 1988ರ ಮಾರ್ಚ್ 16ರಂದು ಹಲಬ್ಜ ಊರಿನ ಕುರ್ದರ ಮೇಲೆ ಬಳಸಿತು. ಹಲಬ್ಜದಲ್ಲಿ ಒಂದೇ ದಿನ ಸತ್ತವರು 5,000ದಷ್ಟು ಎನ್ನುತ್ತಾರೆ. 2005ರಲ್ಲಿ ಹೇಗ್‌ನ ನ್ಯಾಯಾಲಯ ಆ ವ್ಯಾಪಾರಿಗೆ 15 ವರ್ಷ ಜೈಲು ವಿಧಿಸಿತು.

ಕಾನೂನು ಕೂಡ ಹೇಬರ್‌ನ ಹಿಂದೆಯೇ ಕುಂಟುತ್ತ ಬಂತು. 1925ರ ಜಿನೀವಾ ಪ್ರೋಟೊಕಾಲ್ ವಿಷಾನಿಲವನ್ನೂ ರೋಗಾಣುಗಳನ್ನೂ ಯುದ್ಧದಲ್ಲಿ ಬಳಸುವಂತಿಲ್ಲ ಎಂದಿತು, ಆದರೆ ತಯಾರಿಸಿ ಗೋದಾಮಿನಲ್ಲಿ ಇಡಬಾರದು ಎನ್ನಲಿಲ್ಲ. ರೋಗಾಣು ಅಸ್ತ್ರಗಳನ್ನು ಇಟ್ಟುಕೊಳ್ಳುವುದಕ್ಕೇ ನಿಷೇಧ ಬಂದದ್ದು 1972ರ ಒಪ್ಪಂದದಲ್ಲಿ. ಅದಕ್ಕೆ ಇಂದಿಗೂ ತಪಾಸಣಾಧಿಕಾರಿಗಳಿಲ್ಲ. ರಾಸಾಯನಿಕ ಅಸ್ತ್ರಗಳ ಒಪ್ಪಂದ 1993ರಲ್ಲಿ ಸಹಿಗೆ ಬಂದು 1997ರಲ್ಲಿ ಜಾರಿಯಾಯಿತು, ಅದಕ್ಕೆ ತಪಾಸಣೆಯ ಬಲ ಇದೆ. ಭಾರತ ತನ್ನಲ್ಲಿದ್ದ ದಾಸ್ತಾನನ್ನು ಘೋಷಿಸಿ 2009ರ ಹೊತ್ತಿಗೆ ನಾಶ ಮಾಡಿತು. ಅಮೆರಿಕದ ಕೊನೆಯ ದಾಸ್ತಾನು 2023ರ ಜುಲೈನಲ್ಲಿ ಮುಗಿಯಿತು. ಈ ಒಪ್ಪಂದ ಸಿಲಿಂಡರೋ ಗುಂಡೋ ಎಂದು ಕೇಳುವುದಿಲ್ಲ. ಏತಕ್ಕಾಗಿ ಎಂದು ಕೇಳುತ್ತದೆ. ಕ್ಲೋರಿನ್ ಅದರ ಪಟ್ಟಿಯಲ್ಲೇ ಇಲ್ಲ, ನಲ್ಲಿ ನೀರನ್ನು ಶುದ್ಧ ಮಾಡುವ ವಸ್ತುವನ್ನು ನಿಷೇಧಿಸಲಾಗದು. ಆದರೆ ಮನುಷ್ಯನ ಮೇಲೆ ಬಿಟ್ಟ ಗಳಿಗೆಯಲ್ಲಿ ಅದು ಅಸ್ತ್ರ. ಸಿರಿಯಾದಲ್ಲಿ ಹಾಗೆ ಬಿಟ್ಟದ್ದನ್ನು ಹೇಗ್‌ನ ಸಂಸ್ಥೆ ತನಿಖೆ ಮಾಡಿ ಹೇಳಿತು. ಹೇಬರ್ ನುಸುಳಿದ ಕಿಂಡಿ ಮುಚ್ಚಲು ಸುಮಾರು 80 ವರ್ಷ ಹಿಡಿಯಿತು.

ಅವನ ಕೊನೆಯನ್ನೂ ಹೇಳಿಬಿಡುತ್ತೇನೆ. 1933ರಲ್ಲಿ ಹಿಟ್ಲರ್ ಬಂದ. ಯಹೂದಿ ಮೂಲದವರನ್ನು ಸರ್ಕಾರಿ ಕೆಲಸದಿಂದ ತೆಗೆಯಬೇಕೆಂದು ಏಪ್ರಿಲ್‌ನಲ್ಲಿ ಕಾನೂನಾಯಿತು. ಯುದ್ಧದಲ್ಲಿ ಸೇವೆ ಮಾಡಿದ್ದರಿಂದ ಹೇಬರ್‌ಗೆ ವಿನಾಯಿತಿ ಇತ್ತು. ತನ್ನ ಸಂಸ್ಥೆಯ ಯಹೂದಿ ಸಹೋದ್ಯೋಗಿಗಳನ್ನು ಹೊರಗೆ ಹಾಕಿದ್ದರೆ ಕುರ್ಚಿ ಉಳಿಯುತ್ತಿತ್ತು. ಅವನು ಹಾಕಲಿಲ್ಲ, ರಾಜೀನಾಮೆ ಕೊಟ್ಟ. ಜೀವಮಾನವೆಲ್ಲ ದೇಶ ಹೇಳಿದ್ದಕ್ಕೆ ಹೌದು ಎಂದವನು 64ನೇ ವಯಸ್ಸಿನಲ್ಲಿ ಒಂದು ಸಲ ಇಲ್ಲ ಎಂದ. ಅದನ್ನೂ ಅವನ ಲೆಕ್ಕದಲ್ಲಿ ಬರೆಯಬೇಕು.

ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋದ. ಅಲ್ಲಿ ರುದರ್‌ಫರ್ಡ್ ಅವನ ಕೈ ಕುಲುಕಲು ಒಪ್ಪಲಿಲ್ಲ. ಖೈಮ್ ವೈಝ್‌ಮನ್ ಪ್ಯಾಲೆಸ್ಟೈನ್‌ನ ರೆಹೊವೊತ್‌ಗೆ ಕರೆದಿದ್ದರು. ಅಲ್ಲಿಗೆ ಹೊರಟ ದಾರಿಯಲ್ಲಿ, 1934ರ ಜನವರಿ 29ರಂದು, ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಹೃದಯ ನಿಂತಿತು. ಕ್ಲಾರಾಳ ಬೂದಿಯನ್ನೂ ತಂದು ಅವನ ಪಕ್ಕದಲ್ಲೇ ಇಟ್ಟರು. ಅವನು ಮುಂದೆ ನಿಂತು ಕಟ್ಟಿದ ಕೀಟನಾಶಕ ಕಂಪನಿಯಿಂದ ಹೊರಬಂದ ಝೈಕ್ಲಾನ್ ಬಿ ಎಂಬ ಅನಿಲವನ್ನೇ ನಾಜಿಗಳು ಆಶ್ವಿಟ್ಸ್‌ನಲ್ಲಿ ಬಳಸಿದರು. ಅವನ ಬಂಧುಗಳಲ್ಲಿ ಕೆಲವರೂ ನಾಜಿ ಶಿಬಿರಗಳಲ್ಲಿ ಸತ್ತರು. ಅದನ್ನು ನೋಡಲು ಅವನಿರಲಿಲ್ಲ. ತೋಟದಲ್ಲಿ ತಾಯಿಯನ್ನು ಕಂಡಿದ್ದ ಹೆರ್ಮನ್ 1946ರಲ್ಲಿ ಅಮೆರಿಕದಲ್ಲಿ ತಾನೂ ಜೀವ ಕಳೆದುಕೊಂಡ. ಎರಡನೆಯ ಮದುವೆಯ ಮಗ ಲುಡ್ವಿಗ್ ಇತಿಹಾಸಕಾರನಾಗಿ, ಅಪ್ಪ ಶುರು ಮಾಡಿದ ಅನಿಲ ಯುದ್ಧದ ಚರಿತ್ರೆಯನ್ನು 1986ರಲ್ಲಿ ಪುಸ್ತಕವಾಗಿ ಬರೆದ.

ಇಷ್ಟು ಹೇಳಿ ಮುಗಿಸುವಾಗ ಚಹಾ ಆರಿರುತ್ತದೆ. ಹೇಬರ್ ಒಳ್ಳೆಯವನೋ ಕೆಟ್ಟವನೋ ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ನಾನು ಉತ್ತರ ಕೊಡುವುದಿಲ್ಲ. ನಮ್ಮ ಮನೆಯ ಅನ್ನದಲ್ಲಿ ಅವನ ಪಾಲಿದೆ, ಹಲಬ್ಜದಲ್ಲೂ ಇದೆ. ಅವರಿಗೆ ಫಾರ್ಮ್ ಕೊಟ್ಟು, ಕಾಗದ ಸರಿ ಇದೆಯೇ ಎಂದು ನೋಡಿದ ಮೇಲೆ ಇನ್ನೊಂದು ಪ್ರಶ್ನೆ ಕೇಳುವುದನ್ನು ಮಾತ್ರ ಕಲಿಸುತ್ತೇನೆ. ಕೊಳ್ಳುವವನು ಯಾರು, ಇಷ್ಟು ಏಕೆ ಬೇಕು, ಅಲ್ಲಿಂದ ಮುಂದೆ ಎಲ್ಲಿಗೆ. ಮೂರು ವರ್ಷದ ಹಿಂದೆ ಹೀಗೆ ಕೇಳಿದ್ದಕ್ಕೆ ಒಂದು ಗಿರಾಕಿ ಉತ್ತರ ಕೊಡದೆ ಆರ್ಡರ್ ಹಿಂದಕ್ಕೆ ಪಡೆದ. ಆ ವರ್ಷ ಸೇಲ್ಸ್‌ನವರು ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಫೈಲಿನಲ್ಲಿ ಕೇಳಿದ್ದು ಅಂದು ಸೇರಿದ್ದ ಹುಬ್ಬಳ್ಳಿಯ ಹುಡುಗಿ, ನಾನಲ್ಲ.

ಈ ವರ್ಷದ ಫಾರ್ಮ್ ಕಳಿಸಿ ಆಯಿತು. ರಾತ್ರಿ ಅಪ್ಪನಿಗೆ ಫೋನ್ ಮಾಡಿದ್ದೆ. ವಯಸ್ಸು ಎಂಬತ್ತರ ಹತ್ತಿರ, ಹೊಲ ಈಗ ತಮ್ಮ ನೋಡಿಕೊಳ್ಳುತ್ತಾನೆ. ಮುಂಗಾರಿಗೆ ಗೊಬ್ಬರ ಮೊದಲೇ ತಂದಿಡಲು ತಮ್ಮನಿಗೆ ಹೇಳು ಎಂದು ನನಗೇ ತಾಕೀತು ಮಾಡಿದರು. ಹೇಳುತ್ತೇನೆ ಎಂದೆ.